ಬೀಗದ ಜತೆಗೇ ಕೀಲಿಯನ್ನೂ ಕೊಟ್ಟರೆ

ಒಂದು ತಂತ್ರಾಂಶ ಬರೆಯಲು ವರ್ಷಗಟ್ಟಲೆ ದುಡಿಯಬೇಕು. ಅದನ್ನು ನಕಲು ಮಾಡಲು ಕ್ಷಣಗಳು ಸಾಕು. ನಕಲು ತಡೆ, ಅಂದರೆ ಕಾಪಿ ಪ್ರೊಟೆಕ್ಷನ್, ಹುಟ್ಟಿದ್ದು ಇದೇ ಕಾರಣಕ್ಕೆ. ದುಡಿದವರಿಗೆ ಪ್ರತಿಫಲ ಸಿಗಬೇಕೆಂಬ ಆಶಯ ನ್ಯಾಯವಾದದ್ದೇ. ಆದರೂ ಇಂಥ ತಡೆಗಳು ಮತ್ತೆಮತ್ತೆ ಮುರಿದುಬಿದ್ದಿವೆ. ಏಕೆಂದು ತಿಳಿಯಲು ತಡೆ ಕೆಲಸ ಮಾಡುವ ಬಗೆಯನ್ನೇ ನೋಡಬೇಕು.

ವಿಂಡೋಸ್ 95ರ ಅಂಗಡಿ ಆವೃತ್ತಿಯನ್ನು ತೆಗೆದುಕೊಳ್ಳಿ. ಅದನ್ನು ಇನ್‌ಸ್ಟಾಲ್ ಮಾಡುವಾಗ ಹತ್ತು ಅಂಕಿಗಳ ಕೀಲಿಸಂಖ್ಯೆ ಕೊಡಬೇಕಿತ್ತು: ಮೊದಲು ಮೂರು ಅಂಕಿ, ಆಮೇಲೆ ಏಳು. ತಂತ್ರಾಂಶ ಮುಖ್ಯವಾಗಿ ನೋಡುತ್ತಿದ್ದದ್ದು ಎರಡನ್ನು. ಮೊದಲ ಮೂರು ಅಂಕಿಗಳು 333, 444ರಂಥ ಕೆಲವು ನಿಷಿದ್ಧ ಸಂಖ್ಯೆಗಳಾಗಿರಬಾರದು; ಉಳಿದ ಏಳು ಅಂಕಿಗಳ ಮೊತ್ತ 7ರಿಂದ ಶೇಷವಿಲ್ಲದೆ ಭಾಗವಾಗಬೇಕು. ಹಾಗಾಗಿ ಹತ್ತು ಕಡೆಯೂ 1 ಎಂದೇ ಒತ್ತಿದರೂ ಅದು ಒಪ್ಪಿಕೊಳ್ಳುತ್ತಿತ್ತು. ಲೆಕ್ಕದ ಗುಟ್ಟು ಒಮ್ಮೆ ಹೊರಬಿದ್ದ ಮೇಲೆ ಯಾರು ಬೇಕಾದರೂ ಕೀಲಿ ತಯಾರಿಸಬಹುದಿತ್ತು.

ಈ ದೋಷಕ್ಕೆ ಮದ್ದು ಇದೆ. ಡಿಜಿಟಲ್ ಸಹಿಯ ವಿಧಾನದಲ್ಲಿ ಕೀಲಿ ತಯಾರಿಸುವ ರಹಸ್ಯ ಕಂಪನಿಯ ಬಳಿಯೇ ಉಳಿಯುತ್ತದೆ. ಗ್ರಾಹಕನ ಪ್ರತಿಯಲ್ಲಿ ಪರೀಕ್ಷಿಸುವ ಸಾಮರ್ಥ್ಯ ಮಾತ್ರ ಇರುತ್ತದೆ. ಸುಳ್ಳು ಕೀಲಿ ಸೃಷ್ಟಿಸುವುದು ಆಗ ಅಸಾಧ್ಯವೆನ್ನುವಷ್ಟು ಕಷ್ಟ. ಆದರೆ ಪರೀಕ್ಷೆ ಎಷ್ಟೇ ಗಟ್ಟಿಯಾಗಿದ್ದರೂ ಅದರ ಫಲಿತಾಂಶ ಕೊನೆಗೆ ಒಂದು ಸರಳ ತೀರ್ಮಾನಕ್ಕೆ ಬಂದು ನಿಲ್ಲುತ್ತದೆ: ಸರಿಯಿದ್ದರೆ ಮುಂದೆ ಹೋಗು, ಇಲ್ಲದಿದ್ದರೆ ನಿಲ್ಲು. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ‘ಸಮವಾದರೆ ಜಿಗಿ’ ಎಂಬ ಕಿರು ಆದೇಶದ ಸಂಕೇತ 74; ‘ಸಮವಲ್ಲದಿದ್ದರೆ ಜಿಗಿ’ ಎಂಬುದರದು 75. ಆ ಒಂದು ಬೈಟ್ ಬದಲಾದರೆ ತೀರ್ಪೇ ತಿರುಗುಮುರುಗಾಗುತ್ತದೆ. ಕಡತ ಇರುವುದು ಬಳಕೆದಾರನ ಯಂತ್ರದಲ್ಲಿ. ಅದನ್ನು ತಿದ್ದದಂತೆ ಅವನ ಕೈ ಹಿಡಿಯುವವರು ಅಲ್ಲಿ ಯಾರೂ ಇಲ್ಲ.

ಆ ಬೈಟ್ ಎಲ್ಲಿದೆಯೆಂದು ಹುಡುಕುವ ವಿದ್ಯೆಯೇ ರಿವರ್ಸ್ ಎಂಜಿನಿಯರಿಂಗ್. ಸಿದ್ಧವಾದ ತಂತ್ರಾಂಶದಿಂದ ಹಿಂದಕ್ಕೆ ನಡೆದು, ಅದು ಹೇಗೆ ಕೆಲಸ ಮಾಡುತ್ತದೆಂದು ಅರಿಯುವ ಕ್ರಮ ಇದು. ಅದನ್ನು ತಡೆಯಲು ತಯಾರಕರು ಆದೇಶಗಳನ್ನು ಗೂಢಲಿಪಿಯಲ್ಲಿ ಅಡಗಿಸಿಡುವುದುಂಟು. ಆದರೆ ಪ್ರೊಸೆಸರ್‌ಗೆ ಗೂಢಲಿಪಿ ಅರ್ಥವಾಗದು. ಆದೇಶ ನಡೆಯಬೇಕಾದರೆ ಎಂದಾದರೊಂದು ಗಳಿಗೆಯಲ್ಲಿ ಅದು ಬಿಡಿಸಿದ ರೂಪದಲ್ಲಿ ಮೆಮೊರಿಗೆ ಬರಲೇಬೇಕು, ಕಾದು ಕುಳಿತವರಿಗೆ ಆಗ ಕಾಣಲೇಬೇಕು. ಬೀಗ ಯಾರ ವಿರುದ್ಧವೋ ಅವರ ಕೈಗೇ ಬೀಗದ ಜತೆ ಕೀಲಿಯನ್ನೂ ಕೊಟ್ಟಂತೆ ಇದು.

ಡಿವಿಡಿಗಳ ಕಥೆಯೂ ಇದೇ. ಸಿಎಸ್‌ಎಸ್ ಎಂಬ ವ್ಯವಸ್ಥೆ ಅವುಗಳಲ್ಲಿನ ಚಿತ್ರಗಳನ್ನು ಕೇವಲ 40 ಬಿಟ್ ಉದ್ದದ ಕೀಲಿಯಿಂದ ಗೂಢಗೊಳಿಸುತ್ತಿತ್ತು. ಚಿತ್ರ ಕಾಣಬೇಕಾದರೆ ಪ್ರತಿ ಪ್ಲೇಯರ್‌ನೊಳಗೂ ಒಂದು ಕೀಲಿ ಇರಲೇಬೇಕು. 1999ರಲ್ಲಿ ಡಿಸಿಎಸ್‌ಎಸ್ ಎಂಬ ಪುಟ್ಟ ತಂತ್ರಾಂಶ ಆ ಗೂಢಲಿಪಿಯನ್ನು ಬಿಡಿಸಿತು. ಅದರ ಹಿಂದಿದ್ದವರಲ್ಲಿ ಒಬ್ಬನಾದ ನಾರ್ವೆಯ ಹದಿಹರೆಯದ ಯೋನ್ ಲೆಕ್ ಯೋಹಾನ್ಸನ್ ಮೇಲೆ ಮೊಕದ್ದಮೆ ನಡೆಯಿತು. ತಾನೇ ಕೊಂಡ ಡಿವಿಡಿಯನ್ನು ನೋಡುವ ಹಕ್ಕು ಅವನಿಗಿದೆ ಎಂದ ಓಸ್ಲೊ ನ್ಯಾಯಾಲಯ 2003ರಲ್ಲಿ ಅವನನ್ನು ಖುಲಾಸೆ ಮಾಡಿತು. ಮೇಲ್ಮನವಿಯಲ್ಲೂ ಆ ತೀರ್ಪು ನಿಂತಿತು.

ಇದೇ ವಿದ್ಯೆ ಸಮಾಜವನ್ನು ಕಾಯುವುದೂ ಉಂಟು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರ್‌ಗಳನ್ನು ಸ್ತಬ್ಧಗೊಳಿಸಿದಾಗ, ಅದನ್ನು ಬಿಚ್ಚಿ ನೋಡಿದ ಸಂಶೋಧಕರೊಬ್ಬರಿಗೆ ಅದು ಯಾರೂ ನೋಂದಾಯಿಸದ ಒಂದು ಜಾಲ ವಿಳಾಸವನ್ನು ಹುಡುಕುತ್ತಿರುವುದು ಕಂಡಿತು. ಆ ವಿಳಾಸವನ್ನು ಅವರು ನೋಂದಾಯಿಸುತ್ತಿದ್ದಂತೆ ಅದರ ಹರಡುವಿಕೆಗೆ ಕಡಿವಾಣ ಬಿತ್ತು.

ನಮ್ಮ ಕಾಯ್ದೆ ಈ ಎರಡೂ ಮುಖಗಳನ್ನು ಗುರುತಿಸಿದೆ. ನ್ಯಾಯವಾಗಿ ಪಡೆದ ತಂತ್ರಾಂಶದೊಂದಿಗೆ ತನ್ನದೇ ಇನ್ನೊಂದು ತಂತ್ರಾಂಶ ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿ ಬೇರೆಡೆ ಸುಲಭವಾಗಿ ಸಿಗದಿದ್ದರೆ, ಅದನ್ನು ಬಿಚ್ಚಿ ನೋಡಿ ಪಡೆಯಲು ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಡೆಯನ್ನು ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಎರಡರ ನಡುವಿನ ಗೆರೆ ಉದ್ದೇಶ.

ಈಗ ಹಲವು ತಯಾರಕರು ಪರೀಕ್ಷೆಯನ್ನು ತಮ್ಮ ಸರ್ವರ್‌ಗೆ ಸಾಗಿಸಿದ್ದಾರೆ. ತಂತ್ರಾಂಶದ ಮುಖ್ಯ ಕೆಲಸವೇ ಅಲ್ಲಿ ನಡೆಯುವುದಾದರೆ ಈ ತಡೆ ನಿಜಕ್ಕೂ ಬಲವಾದದ್ದು, ಏಕೆಂದರೆ ಆ ಭಾಗ ಗ್ರಾಹಕನ ಕೈಗೆ ಸಿಗುವುದೇ ಇಲ್ಲ. ಆದರೆ ಅಲ್ಲಿ ನಡೆಯುವುದು ಪರೀಕ್ಷೆ ಮಾತ್ರವಾದರೆ, ಸರ್ವರ್ ಮುಚ್ಚಿದ ದಿನ ಹಣ ಕೊಟ್ಟು ಕೊಂಡವರ ಪ್ರತಿ ನಿಂತುಹೋಗುತ್ತದೆ, ತಡೆ ತೆಗೆದ ಕಳ್ಳಪ್ರತಿ ಓಡುತ್ತಲೇ ಇರುತ್ತದೆ. ನಕಲು ತಡೆ ತಯಾರಕರಿಗೆ ಕೊಡುವುದು ಒಂದಷ್ಟು ಕಾಲಾವಕಾಶವನ್ನು. ಮಾರಾಟದ ಮೊದಲ ದಿನಗಳಲ್ಲಿ ಅದಕ್ಕೂ ಬೆಲೆಯಿದೆ. ಆ ಕಾಲ ಮುಗಿದ ಮೇಲೆ ಅದರ ಭಾರ ಪ್ರಾಮಾಣಿಕರ ಹೆಗಲ ಮೇಲೆ ಉಳಿಯಬಾರದು. ಸರ್ವರ್ ಮುಚ್ಚುವ ಕಂಪನಿ ಕೊಂಡವರ ಪ್ರತಿಯಿಂದ ತಡೆಯನ್ನು ತಾನೇ ತೆಗೆದುಕೊಡಬೇಕು. ಹಾಗೆ ಮಾಡದಿದ್ದಾಗ, ತಾನು ಕೊಂಡದ್ದನ್ನು ಬಳಸಲೆಂದೇ ಅದನ್ನು ಬಿಚ್ಚಿ ನೋಡುವವರನ್ನು ಕಾನೂನು ಕಳ್ಳರ ಸಾಲಿಗೆ ಸೇರಿಸಬಾರದು.