ಸಮ್ಮತಿಯ ಲೋಪಕ್ಕೆ ಲಸಿಕೆಯನ್ನು ದಂಡಿಸಬೇಕೆ?

ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯ ಪ್ರಸ್ತಾಪ ಬಂದೊಡನೆಯೇ ಅದರ ವಿರೋಧಿಗಳು ಖಮ್ಮಂ ಜಿಲ್ಲೆಯ ಹೆಸರನ್ನೆತ್ತುತ್ತಾರೆ. ಎತ್ತಲೇಬೇಕಾದ ಹೆಸರದು, ಆದರೆ ಅದರಿಂದ ಅವರು ಕಲಿತ ಪಾಠ ಮಾತ್ರ ವಿಪರೀತವಾದುದು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಆ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ ಅಮೆರಿಕದ ‘ಪಾತ್’ ಸಂಸ್ಥೆಯು ಸರ್ಕಾರಗಳ ಸಹಕಾರದಿಂದ ಸಹಸ್ರಾರು ಬಾಲಕಿಯರಿಗೆ ಲಸಿಕೆ ಹಾಕಿಸಿತು. ಅವರಲ್ಲಿ ಏಳು ಮಂದಿ ಅಸುನೀಗಿದ ಸುದ್ದಿ ಹಬ್ಬಲು, 2010ರಲ್ಲಿ ಯೋಜನೆಯೇ ಸ್ಥಗಿತಗೊಂಡಿತು. ನೀರಿನಲ್ಲಿ ಮುಳುಗಿದವಳು, ಹಾವು ಕಚ್ಚಿದವಳು, ಕೀಟನಾಶಕ ಕುಡಿದವಳು ಆ ಏಳು ಮಂದಿಯಲ್ಲಿದ್ದರು. ಲಸಿಕೆಯೇ ಸಾವುಗಳಿಗೆ ಕಾರಣವೆನ್ನಲು ತನಿಖೆಯಲ್ಲಿ ಆಧಾರ ದೊರೆಯಲಿಲ್ಲ.

ಹಾಗೆಂದು ಅಲ್ಲಿ ಅಪರಾಧವೇ ನಡೆಯಲಿಲ್ಲವೆಂದು ಸಾಧಿಸುವ ಲಸಿಕಾಪಕ್ಷದವರೂ ಸತ್ಯಕ್ಕೆ ದ್ರೋಹ ಬಗೆಯುತ್ತಾರೆ. ತಂದೆತಾಯಿಗಳು ರುಜು ಹಾಕಬೇಕಾದ ಎಷ್ಟೋ ಸಮ್ಮತಿಪತ್ರಗಳಿಗೆ ಹಾಸ್ಟೆಲಿನ ವಾರ್ಡನ್ನರೂ ಮುಖ್ಯೋಪಾಧ್ಯಾಯರೂ ರುಜು ಹಾಕಿದ್ದರು. ಬಡವರ, ಬುಡಕಟ್ಟಿನವರ ಮಕ್ಕಳೆಂಬ ಕಾರಣಕ್ಕೇ ಹೆತ್ತವರನ್ನು ಕೇಳಬೇಕಾದುದಿಲ್ಲವೆಂದು ಬಗೆದ ಆ ಉದ್ಧಟತನವನ್ನು 2013ರಲ್ಲಿ ಸಂಸದೀಯ ಸ್ಥಾಯಿಸಮಿತಿ ಖಂಡಿಸಿದುದು ನ್ಯಾಯವೇ ಸರಿ.

ಆದರೆ ದಂಡ ತೆತ್ತವರಾರು? ರುಜು ಹಾಕಿದವರಲ್ಲ, ಅಂದು ಹತ್ತು ವರ್ಷದವರಾಗಿದ್ದು, ಲಸಿಕೆ ಅತ್ಯಂತ ಫಲಕಾರಿಯಾಗುವ ವಯಸ್ಸನ್ನು ಅದನ್ನು ಕಾಣದೆಯೇ ದಾಟಿಹೋದ ಹೆಣ್ಣುಮಕ್ಕಳು. 2022ರ ಒಂದೇ ವರ್ಷದಲ್ಲಿ ಸುಮಾರು 80,000 ಭಾರತೀಯ ಸ್ತ್ರೀಯರು ಈ ರೋಗದಿಂದ ಗತಿಸಿದರೆಂಬ ಅಂದಾಜನ್ನು ಬಲ್ಲವರು ಈ ವಿಳಂಬವನ್ನು ಎಚ್ಚರಿಕೆಯೆಂದು ಕರೆಯಲಾರರು. ಇನ್ನು, ಲಸಿಕೆಯಿಂದ ಹುಡುಗಿಯರ ಶೀಲ ಸಡಿಲವಾದೀತೆಂಬ ಆಕ್ಷೇಪವಂತೂ ಕ್ರೂರವಾದುದು. ಹೊಸಿಲು ದಾಟದ ಪತಿವ್ರತೆಗೂ ಈ ಕ್ಯಾನ್ಸರನ್ನು ತರುವ, ದೈಹಿಕ ಸಂಬಂಧದಿಂದ ಹರಡುವ ವೈರಾಣು ಗಂಡನಿಂದಲೇ ಅಂಟಬಲ್ಲುದು.

2018ರಲ್ಲಿ ಸಿಕ್ಕಿಂ ಸರ್ಕಾರವು ಮೊದಲು ಹೆತ್ತವರಿಗೂ ಅಧ್ಯಾಪಕರಿಗೂ ತಿಳಿಯಹೇಳಿ, ಅನಂತರ ಲಸಿಕೆ ಹಾಕಿಸಲು, ನೂರಕ್ಕೆ ತೊಂಬತ್ತೈದಕ್ಕೂ ಮಿಗಿಲಾದ ಬಾಲಕಿಯರು ಅದನ್ನು ಪಡೆದರು. ಬಡವರನ್ನು ಕೇಳುತ್ತ ಕುಳಿತರೆ ಕೆಲಸ ಕೆಡುವುದೆಂಬ ಅಧಿಕಾರಿಗಳ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆದುದರಿಂದ ಸಮ್ಮತಿಪತ್ರವು ತಾಯಿಯ ನುಡಿಯಲ್ಲಿರಲಿ, ಓದುಬಾರದವಳಿಗೆ ಅದನ್ನು ಓದಿ ಹೇಳಲಿ, ಬೇಡವೆನ್ನುವ ಹಕ್ಕು ಅವಳಿಗಿರಲಿ, ಅವಳ ಪರವಾಗಿ ರುಜು ಹಾಕಿದವನಿಗೆ ಶಿಕ್ಷೆಯಾಗಲಿ. ಲಸಿಕೆ ಮಾತ್ರ ಇನ್ನೊಂದು ವರ್ಷವೂ ತಡವಾಗದಿರಲಿ.