ಬಾಡಿದ ಮಾಲೆಯನ್ನು ಶಿಕ್ಷೆಯೆನ್ನಬಹುದೇ?

ಕರ್ಮಸಿದ್ಧಾಂತವು ನಮಗೆ ದೊರೆತಿರುವುದು ನಮ್ಮ ನಮ್ಮ ನಡತೆಯನ್ನು ಶೋಧಿಸಿಕೊಳ್ಳುವುದಕ್ಕಾಗಿ. ಅದನ್ನು ಪರರ ಮನೆಯ ದುಃಖವನ್ನು ಅಳೆಯುವ ಕೋಲನ್ನಾಗಿ ಮಾಡಿಕೊಂಡಾಗ ಒದಗುವ ಅನರ್ಥವನ್ನು ಕುರಿತು ವಾಚಕರ ಮುಂದೆ ಕೆಲವು ಮಾತುಗಳನ್ನು ಇಡಬಯಸುತ್ತೇನೆ.

೨೦೨೫ರ ಸೆಪ್ಟೆಂಬರಿನಲ್ಲಿ ಎಸ್. ಎಲ್. ಭೈರಪ್ಪನವರು ನಿಧನರಾದ ತರುವಾಯ, ನಂದಿನಿ ಲೇಔಟಿನ ಮನೆಯೊಂದರಲ್ಲಿ ನಾವು ಕೆಲವರು ಸೇರಿ ಅವರ ‘ವಂಶವೃಕ್ಷ’ವನ್ನು ಮತ್ತೊಮ್ಮೆ ಓದಿದೆವು. ೧೯೬೫ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆ ಬಹುಮಂದಿಗೆ ತಿಳಿದದ್ದೇ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯ ಪಾಲಾಗುತ್ತಾನೆ. ಆತನ ಎಳೆವಯಸ್ಸಿನ ವಿಧವೆ ಕಾತ್ಯಾಯನಿ ಮೈಸೂರಿನ ಕಾಲೇಜಿಗೆ ಓದಲು ಹೋಗಿ, ಅಲ್ಲಿ ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮಗ ಮಾತ್ರ ಅಜ್ಜನ ಮನೆಯಲ್ಲಿಯೇ ಉಳಿಯುತ್ತಾನೆ. ಹೊಸ ದಾಂಪತ್ಯದಲ್ಲಿ ಗರ್ಭಗಳು ನಿಲ್ಲುವುದಿಲ್ಲ, ಬಿಟ್ಟುಬಂದ ಮಗನ ನೆನಪು ಒಳಗೊಳಗೇ ಕೊರೆಯುತ್ತದೆ, ರೂಪ ಕಳೆಗುಂದುತ್ತದೆ, ವಯಸ್ಸಿಗೆ ಮುನ್ನವೇ ಬಾಡಿ ಆಕೆ ತೀರಿಕೊಳ್ಳುತ್ತಾಳೆ.

ಓದು ಮುಗಿದೊಡನೆ ಹಿರಿಯರೊಬ್ಬರು, “ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಸುಳ್ಳಲ್ಲ. ಅವಳ ಕರ್ಮವನ್ನು ಅವಳ ಮೈಯೇ ತೀರಿಸಿತು” ಎಂದರು. ಹಲವರು ತಲೆದೂಗಿದರು. ಆ ಸಭೆಯಲ್ಲಿ ಪತಿವಿಯೋಗದ ನಂತರ ಮರುಮದುವೆಯಾದ ಸೋದರಿಯೊಬ್ಬರು ಕುಳಿತಿದ್ದರು. ಅವರು ತಲೆಯೆತ್ತಲಿಲ್ಲ. ನಾನೂ ಅಂದು ಬಾಯಿ ತೆರೆಯಲಿಲ್ಲ. ಅಂದು ಆಡಬೇಕಾಗಿದ್ದ ಮಾತನ್ನು ತಡವಾಗಿಯಾದರೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅದೇ ಕಾದಂಬರಿಯಲ್ಲಿ ಇನ್ನೊಬ್ಬರ ದೇಹವೂ ಸವೆಯುತ್ತದೆ. ರಾಜನ ಅಣ್ಣ ಡಾ. ಸದಾಶಿವರಾಯರು ಕೈಹಿಡಿದ ಹೆಂಡತಿ ನಾಗಲಕ್ಷ್ಮಿ ಬದುಕಿರುವಾಗಲೇ ತಮ್ಮ ಸಂಶೋಧನೆಗೆ ನೆರವಾದ ಕರುಣಾರತ್ನೆಯನ್ನು ಮದುವೆಯಾಗುತ್ತಾರೆ. ಬೃಹದ್ಗ್ರಂಥದ ರಚನೆಯಲ್ಲಿ ಆರೋಗ್ಯವನ್ನು ಕಳೆದುಕೊಂಡು ಮರಣಹೊಂದುತ್ತಾರೆ. ಅವರ ಸವೆತವನ್ನು ನಮ್ಮ ಗೋಷ್ಠಿಯಲ್ಲಿ ಯಾರೂ ಕರ್ಮಫಲವೆನ್ನಲಿಲ್ಲ, ವಿದ್ಯಾತಪಸ್ಸು ಎಂದರು! ಪುರುಷನ ದೇಹ ಸವೆದರೆ ತಪಸ್ಸು, ಸ್ತ್ರೀಯ ದೇಹ ಸವೆದರೆ ಪಾಪ. ಈ ಭೇದವನ್ನು ಯಾವ ಆಗಮ ಹೇಳಿದೆ?

ಇದಕ್ಕೆ ಉತ್ತರವಾಗಿ, ಆಕೆಯೇ ಪಶ್ಚಾತ್ತಾಪಪಟ್ಟಳಲ್ಲ, ಅದೇ ತಪ್ಪೊಪ್ಪಿಗೆಯಲ್ಲವೇ ಎನ್ನುವವರಿದ್ದಾರೆ. ಅಗಲಿದ ಪ್ರಿಯವಸ್ತುವನ್ನೇ ಮರಳಿ ಮರಳಿ ನೆನೆದು ನೋಯುವುದನ್ನು ನಮ್ಮ ಶಾಸ್ತ್ರಕಾರರು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಮಾಡಿದ ದೋಷವನ್ನು ಗುರುತಿಸಿ ಅದರಿಂದ ಹಿಂದಿರುಗುವ ಪ್ರತಿಕ್ರಮಣವೇ ಬೇರೆ. ಕಾತ್ಯಾಯನಿಯದು ಮಗನನ್ನು ಅಗಲಿದ ತಾಯಿಯ ಸಂಕಟ. ಮುಂದೆ ಆ ಮಗನೇ ವಿದ್ಯಾರ್ಥಿಯಾಗಿ ಎದುರಿಗೆ ಬಂದಾಗಲೂ ಆಕೆಯನ್ನು ತಾಯಿಯೆಂದು ಒಪ್ಪುವುದಿಲ್ಲ. ಆ ನೋವು ಆಕೆಗೆ ಅಹಿತವಾದದ್ದು ನಿಜ. ಆದರೆ ಪ್ರೀತಿಸಿದ್ದು ಅಪರಾಧವೆಂಬುದಕ್ಕೆ ಅದು ಸಾಕ್ಷಿಯಾಗದು. ಮಗುವನ್ನೂ ಪ್ರೀತಿಯನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಅವಕಾಶವಿಲ್ಲದಂತೆ ಮಾಡಿದ ಸಮಾಜದ ಹೊಣೆಯನ್ನು ಆಕೆಯೊಬ್ಬಳ ಕೊರಳಿಗೆ ಕಟ್ಟುವುದು ನ್ಯಾಯವಲ್ಲ.

ಕಾದಂಬರಿಕಾರರೂ ಈ ತೀರ್ಪನ್ನು ಎತ್ತಿಹಿಡಿಯುವುದಿಲ್ಲ. ಯಾವ ವಂಶದ ಹೆಸರಿನಲ್ಲಿ ಮಗುವನ್ನು ಉಳಿಸಿಕೊಳ್ಳಲಾಯಿತೋ ಆ ವಂಶದಲ್ಲಿ ತಮ್ಮ ಜನ್ಮವೇ ತಾವು ನಂಬಿದಂತೆ ಆದುದಲ್ಲವೆಂದು ಶ್ರೋತ್ರಿಗಳಿಗೆ ಇಳಿವಯಸ್ಸಿನಲ್ಲಿ ತಿಳಿಯುತ್ತದೆ. ಎಲ್ಲವನ್ನೂ ತೊರೆದು ಹೊರಟ ಆ ವೃದ್ಧರು ಕಾತ್ಯಾಯನಿಯ ಮರಣಕಾಲದಲ್ಲಿ ಅವಳ ಬಳಿಯಿರುತ್ತಾರೆ. ಅವರೇ ಆಡದ ಕಠಿಣೋಕ್ತಿಯನ್ನು ನಾವು ಆಡುವುದೇಕೆ?

ನನಗೆ ತೋರುವ ಕಾರಣವೊಂದೇ: ಭಯ. ನಾವೆಲ್ಲರೂ ಮುಪ್ಪಿಗೆ ಹೆದರುವವರು. ಬಾಡುವಿಕೆಯು ಪಾಪದ ಶಿಕ್ಷೆಯೆಂದು ಸಾಧಿಸಿಬಿಟ್ಟರೆ, ಅಂತಹ ಪಾಪ ಮಾಡದ ತಾನು ಬಾಡಲಾರೆನೆಂಬ ಸಮಾಧಾನ ಮನಸ್ಸಿಗೆ ಸಿಗುತ್ತದೆ. ಈ ಸುಳ್ಳು ಸಮಾಧಾನವನ್ನು ಪಂಪಮಹಾಕವಿಯು ಕ್ರಿ.ಶ. ೯೪೧ರಲ್ಲಿಯೇ, ‘ಆದಿಪುರಾಣ’ದ ಲಲಿತಾಂಗನ ಕಥೆಯಲ್ಲಿ ಒಡೆದುಹಾಕಿದ್ದಾನೆ.

ಲಲಿತಾಂಗನು ಪುಣ್ಯಬಲದಿಂದಲೇ ಈಶಾನಕಲ್ಪದಲ್ಲಿ ದೇವನಾದವನು. ಸ್ವಯಂಪ್ರಭೆಯೊಡನೆ ಅವನ ಪ್ರೇಮ ನಮ್ಮ ಕಾವ್ಯಲೋಕದಲ್ಲಿ ಪ್ರಸಿದ್ಧ. ಆಯುಷ್ಯ ಆರು ತಿಂಗಳು ಉಳಿದಾಗ ಎಂದೂ ಬಾಡದ ಅವನ ಮಾಲೆ ಬಾಡುತ್ತದೆ, ದೇಹಕಾಂತಿ ಕುಂದುತ್ತದೆ. ಪ್ರಿಯೆಯನ್ನು ಅಗಲಬೇಕಲ್ಲ ಎಂದು ಅವನು ತಲ್ಲಣಿಸುತ್ತಾನೆ. ಯಾವ ಪಾಪದ ಶಿಕ್ಷೆಯಿಂದ ಆ ಮಾಲೆ ಬಾಡಿತು? ಆಯುಷ್ಯಕರ್ಮ ತೀರಿತು, ಅಷ್ಟೇ. ಜೊತೆಯ ದೇವತೆಗಳು ಅವನನ್ನು ನಿಂದಿಸುವುದಿಲ್ಲ. ಸಂತೈಸಿ ಜಿನಪೂಜೆಯ ಕಡೆಗೆ ತಿರುಗಿಸುತ್ತಾರೆ. ಆ ಪ್ರೇಮಿಗಳೇ ವಜ್ರಜಂಘ–ಶ್ರೀಮತಿಯರಾಗಿ ಹುಟ್ಟಿ, ಮತ್ತೆ ಕೂಡಿ, ಶಯ್ಯಾಗೃಹದ ಧೂಪದ ಹೊಗೆಯಲ್ಲಿ ಒಟ್ಟಿಗೆ ಮಡಿಯುತ್ತಾರೆ. ಭವಾಂತರಗಳ ಬಳಿಕ ಒಂದು ಜೀವ ವೃಷಭನಾಥನಾಗುತ್ತದೆ; ಇನ್ನೊಂದು, ಆ ಸ್ವಾಮಿಗೆ ಕಬ್ಬಿನ ರಸದ ಪ್ರಥಮ ಆಹಾರವನ್ನಿತ್ತ ಹಸ್ತಿನಾಪುರದ ಶ್ರೇಯಾಂಸನಾಗುತ್ತದೆ. ಹಿಂದಿನ ಭವದ ಸ್ಮರಣೆಯೇ ಆ ದಾನದ ವಿಧಿಯನ್ನು ಅವನಿಗೆ ತಿಳಿಸಿತು. ಮೋಹವನ್ನು ದಾಟಬೇಕೆಂದು ಕವಿ ಹೇಳುತ್ತಾನೆ. ಪ್ರೀತಿಸಿದವರನ್ನು ಹೀಯಾಳಿಸಬೇಕೆಂದು ಎಲ್ಲಿಯೂ ಹೇಳುವುದಿಲ್ಲ.

ಸಕಲ ದುಃಖವೂ ಅಸಾತಾವೇದನೀಯದ ಉದಯವೇ ಅಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಹೌದು. ಆದರೆ ಯಾವ ಜನ್ಮದ ಯಾವ ಕರ್ಮ ಇಂದು ಉದಯಕ್ಕೆ ಬಂದಿತೆಂದು ಕಾಣಬಲ್ಲವನು ಕೇವಲಜ್ಞಾನಿ. ನಂದಿನಿ ಲೇಔಟಿನ ಹಜಾರದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ ನಮಗೆ ಆ ಜ್ಞಾನ ಎಲ್ಲಿಂದ ಬಂದಿತು? ನಾವು ಕಾಣಬಹುದಾದದ್ದು ನಮ್ಮ ಮಾತಿನಿಂದ ಆಗುವ ಆಸ್ರವವನ್ನು ಮಾತ್ರ. ಪರರಿಗೆ ಶೋಕಸಂತಾಪಗಳನ್ನು ತಂದವರಿಗೆ ಅಸಾತಾವೇದನೀಯವೂ, ಪರನಿಂದೆ ಆತ್ಮಪ್ರಶಂಸೆಗಳಿಂದ ನೀಚಗೋತ್ರವೂ ಬಂಧಿಸುವುದೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಸ್ಪಷ್ಟವಾಗಿ ತಿಳಿಸುತ್ತದೆ. ಅಂದು ಕಾತ್ಯಾಯನಿಯ ಕರ್ಮವನ್ನು ಎಣಿಸಿದವರೂ, ಸುಮ್ಮನೆ ಕೇಳಿ ಕುಳಿತ ನಾನೂ, ನಮ್ಮ ಲೆಕ್ಕವನ್ನು ಮರೆತಿದ್ದೆವು.

ನಮ್ಮ ನೆರೆಹೊರೆಯಲ್ಲಿ ಮರುಮದುವೆಯಾದವರಿದ್ದಾರೆ, ಗರ್ಭ ನಿಲ್ಲದೆ ನೊಂದವರಿದ್ದಾರೆ, ಮಕ್ಕಳಿಂದ ದೂರವಾಗಿ ಮುಪ್ಪನ್ನು ಕಾಣುತ್ತಿರುವವರಿದ್ದಾರೆ. ಅವರು ನಮ್ಮೊಡನೆ ಕುಳಿತು ಒಂದು ಪುಸ್ತಕವನ್ನು ನಿರ್ಭಯವಾಗಿ ಓದುವಂತಿರಬೇಡವೇ? ಮುಂದಿನ ಗೋಷ್ಠಿಗೆ ಆ ಸೋದರಿ ಬರಲಿಲ್ಲ. ಅವರ ಮನೆಗೆ ಹೋಗಿ ಕ್ಷಮೆ ಬೇಡುವುದು ನನ್ನ ಮೊದಲ ಪ್ರತಿಕ್ರಮಣ. ತಲೆದೂಗಿದ ಬಂಧುಗಳೂ ಜೊತೆಗೆ ಬಂದರೆ ಸಂತೋಷ.