ಭಾರವೆತ್ತಿದರೆ ಮೈ ಬಿಗಿಯುವುದೇ?

ಭಾರವೆತ್ತುವ ಅಭ್ಯಾಸದಿಂದ ಮೈ ಮರಗಟ್ಟುತ್ತದೆ, ಓಟ ಮಂದವಾಗುತ್ತದೆ, ಎಳೆಯರ ಬೆಳವಣಿಗೆ ಕುಂಠಿತವಾಗುತ್ತದೆ ಎಂಬ ನಂಬಿಕೆ ಪಾಲಕರಲ್ಲಷ್ಟೇ ಅಲ್ಲ, ಅನೇಕ ವ್ಯಾಯಾಮ ಶಿಕ್ಷಕರಲ್ಲಿಯೂ ಬೇರೂರಿದೆ. ಅದರ ಫಲವಾಗಿ ಓಟಗಾರರು ಓಡುವುದನ್ನೂ ಕಬಡ್ಡಿ ಪಟುಗಳು ಕಬಡ್ಡಿಯನ್ನೂ ಬಿಟ್ಟು ಬೇರೇನನ್ನೂ ಅಭ್ಯಸಿಸುತ್ತಿಲ್ಲ. ಈ ನಂಬಿಕೆಯನ್ನು ಪುನರ್ವಿಮರ್ಶೆಗೆ ಒಳಪಡಿಸುವುದು ಅವಶ್ಯಕವೆಂದು ನನ್ನ ಅಭಿಮತ.

ಬಲವನ್ನು ವೇಗದಿಂದ ಗುಣಿಸಿದಾಗ ದೊರೆಯುವುದೇ ಸಾಮರ್ಥ್ಯವೆಂದು ಭೌತಶಾಸ್ತ್ರ ಹೇಳುತ್ತದೆ. 50 ಕಿಲೋಗ್ರಾಂ ಭಾರವನ್ನು ಒಂದು ಮೀಟರ್ ಎತ್ತರಕ್ಕೆ 2 ಸೆಕೆಂಡುಗಳಲ್ಲಿ ಎತ್ತುವವನಿಗಿಂತ 1 ಸೆಕೆಂಡಿನಲ್ಲಿ ಎತ್ತುವವನ ಸಾಮರ್ಥ್ಯ ಇಮ್ಮಡಿಯಾದುದು. ಉದ್ದ ಜಿಗಿತದ ಪಟುವಿನ ಪಾದ ಹಲಗೆಯ ಮೇಲೆ ನಿಲ್ಲುವುದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ ಕಾಲ. ಅಷ್ಟರಲ್ಲಿ ಬಲವನ್ನೆಲ್ಲ ಹೊಮ್ಮಿಸಬೇಕು. ಸ್ನ್ಯಾಚ್ ಹಾಗೂ ಕ್ಲೀನ್ ಅಂಡ್ ಜರ್ಕ್ ವಿಧಾನಗಳು ಕಲಿಸುವುದು ಇದನ್ನೇ.

ಇನ್ನು ಮೈಬಾಗುವಿಕೆಯ ಮಾತು. ಪೂರ್ತಿ ಕುಕ್ಕುರುಗಾಲಿನಲ್ಲಿ ಕುಳಿತು ಭಾರವನ್ನು ತಲೆಯ ಮೇಲೆ ಹಿಡಿಯಬೇಕಾದರೆ ಹರಡು, ಮೊಣಕಾಲು, ಸೊಂಟ, ಭುಜಗಳ ಕೀಲುಗಳೆಲ್ಲ ಸಡಿಲವಾಗಿರಲೇಬೇಕು. ಕೀಲುಗಳನ್ನು ಪೂರ್ಣವಾಗಿ ಚಲಿಸಿ ಮಾಡುವ ಬಲಾಭ್ಯಾಸವು ಸ್ನಾಯುಗಳನ್ನು ಹಿಗ್ಗಿಸುವ ವ್ಯಾಯಾಮದಷ್ಟೇ ಮೈಬಾಗುವಿಕೆಯನ್ನು ಹೆಚ್ಚಿಸಬಲ್ಲದೆಂದು 2021ರಲ್ಲಿ ಪ್ರಕಟವಾದ ಸಂಶೋಧನಾ ಸಮೀಕ್ಷೆಯೊಂದು ತೋರಿಸಿದೆ. ಅರೆಬರೆಯಾಗಿ ಎತ್ತಿ ಇಳಿಸುವ ಅಭ್ಯಾಸದಿಂದ ಈ ಲಾಭವನ್ನು ನಿರೀಕ್ಷಿಸಲಾಗದು.

ಗರಡಿಮನೆಗಳಲ್ಲಿ ಕಲ್ಲುಗುಂಡು ಎತ್ತಿ, ಗದೆ ತಿರುವಿದ ನಮ್ಮ ಪೈಲ್ವಾನರು ಇದನ್ನು ಅನುಭವದಿಂದಲೇ ಅರಿತಿದ್ದರು. ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು ಮೊದಲು ಕುಸ್ತಿಯಲ್ಲಿ ಆಸಕ್ತರಾಗಿದ್ದು, ಬಳಿಕ ಭಾರವೆತ್ತುವಿಕೆಗೆ ಬಂದು, 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋಗ್ರಾಂ ಎತ್ತಿ ಬೆಳ್ಳಿಯ ಪದಕ ಗಳಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 240 ಕಿಲೋಗ್ರಾಂ ಎತ್ತಿ ಕಂಚು ಗೆದ್ದ ಕರ್ಣಂ ಮಲ್ಲೇಶ್ವರಿಯವರು, ಇದು ಗಂಡುಮಕ್ಕಳ ಸೊತ್ತಲ್ಲವೆಂದು ದೇಶಕ್ಕೆ ತೋರಿಸಿಕೊಟ್ಟರು.

ಬೆಳೆಯುವ ಮಕ್ಕಳ ವಿಷಯದಲ್ಲಿ ಎಚ್ಚರ ಬೇಕು, ಅಂಜಿಕೆ ಬೇಡ. ತಜ್ಞರ ಮೇಲ್ವಿಚಾರಣೆಯಲ್ಲಿ ನಡೆಯುವ ಬಲಾಭ್ಯಾಸ ಮಕ್ಕಳಿಗೂ ಸುರಕ್ಷಿತವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಪ್ರತಿಪಾದಿಸಿದೆ. ಮೊದಲು ಮರದ ಕೋಲಿನಿಂದ ಕ್ರಮವನ್ನು ಕಲಿಸಬೇಕು. ಕ್ರಮ ಕೈವಶವಾದ ಮೇಲೆಯೇ ಕಬ್ಬಿಣ. ಭಾರದ ಏರಿಕೆ ಮೆಲ್ಲಮೆಲ್ಲಗೆ. ಯಾರು ಹೆಚ್ಚು ಎತ್ತುವರೆಂಬ ಪಂಥವಂತೂ ಸರ್ವಥಾ ಕೂಡದು.

ದಾನಿಗಳು ಕ್ರೀಡೆಗೆಂದು ಕೊಡುವ ನೆರವು ಬಹುಮಟ್ಟಿಗೆ ಪಾರಿತೋಷಕಗಳಿಗೂ ಸಮವಸ್ತ್ರಗಳಿಗೂ ವಿನಿಯೋಗವಾಗುತ್ತದೆ. ಅದರ ಒಂದು ಪಾಲು ಎರಡು ಭಾರದಂಡಗಳಿಗೂ, ಅವಕ್ಕಿಂತ ಮುಖ್ಯವಾಗಿ ಒಬ್ಬ ಶಿಕ್ಷಕರ ತರಬೇತಿಗೂ ಸಲ್ಲಲಿ. ಗೆದ್ದವನಿಗೆ ಕೊಡುವ ಬೆಳ್ಳಿಯ ಬಟ್ಟಲು ಒಬ್ಬನ ಮನೆ ಸೇರುತ್ತದೆ. ಶಾಲೆಯಲ್ಲಿ ಉಳಿಯುವ ಕಬ್ಬಿಣ ನೂರಾರು ಮಕ್ಕಳ ಮೈಯನ್ನು ಹುರಿಗೊಳಿಸುತ್ತದೆ.